ಭೃತಬಲವೂ ಸೇನಾನಿ ಡಿಬಾಯ್ನನೂ

ಮೌಲ, ಭೃತ, ಶ್ರೇಣಿ, ಮಿತ್ರ, ಅಮಿತ್ರ, ಅಟವಿ ಎಂದು ಬಲವು ಆರು ಬಗೆಯೆಂದೂ, ಇವುಗಳಲ್ಲಿ ಮೊದಮೊದಲಿನದು ತನ್ನ ಮುಂದಿನದಕ್ಕಿಂತ ಶ್ರೇಯಸ್ಕರವೆಂದೂ ಕೌಟಿಲ್ಯನ ಮತ. ಭೃತಬಲವೆಂದರೆ ಸಂಬಳಕ್ಕೆ ನಿಂತ ಸೈನ್ಯ. ಸಂಬಳದ ಯೋಧನ ನಿಷ್ಠೆಯು ಸಂಬಳದೊಡನೆಯೇ ಮುಗಿಯುವುದೆಂಬುದು ಲೋಕದ ಮಾತು. ಈ ಮಾತು ಎಷ್ಟರಮಟ್ಟಿಗೆ ನಿಲ್ಲತಕ್ಕುದೆಂಬುದನ್ನು ಪರೀಕ್ಷಿಸುವುದಕ್ಕೆ, ನಾಲ್ಕು ಪ್ರಭುತ್ವಗಳಿಗಾಗಿ ಕತ್ತಿಯೆತ್ತಿದ ಬೆನ್ವಾ ಡಿಬಾಯ್ನನ ಚರಿತ್ರೆಯು ಒಂದು ಒರೆಗಲ್ಲಾಗಿದೆ.

ಈತನು 1751ನೆಯ ಇಸವಿಯಲ್ಲಿ ಸವಾಯ್ ಪ್ರಾಂತದ ಶಾಂಬೆರಿ ನಗರದಲ್ಲಿ ಒಬ್ಬ ವರ್ತಕನ ಮಗನಾಗಿ ಹುಟ್ಟಿದನು. 1768ರಲ್ಲಿ ಫ್ರೆಂಚ್ ದೊರೆಯ ಐರಿಷ್ ದಳವನ್ನು ಸೇರಿದನು. ಅದನ್ನು ಬಿಟ್ಟು ರಷ್ಯನರ ಪಕ್ಷದಲ್ಲಿ ತುರ್ಕರೊಡನೆ ಹೋರಾಡಿ, ಟೆನೆಡಾಸ್ ದ್ವೀಪದ ಬಳಿ ಸೆರೆಸಿಕ್ಕಿದನು. ಬಿಡುಗಡೆಯನ್ನು ಹೊಂದಿದ ತರುವಾಯ 1778ರಲ್ಲಿ ಮದರಾಸಿಗೆ ಬಂದು ಇಂಗ್ಲಿಷ್ ಕಂಪನಿಯ ಸಿಪಾಯಿದಳದಲ್ಲಿ ಕಿರಿಯ ಅಧಿಕಾರಿಯಾದನು. ಕಂಪನಿಯು ಮೈಸೂರಿನ ಹೈದರಾಲಿಯೊಡನೆ ಸೆಣಸುತ್ತಿದ್ದ ಕಾಲವದು. ಆ ಸೇವೆಗೂ ರಾಜೀನಾಮೆಯಿತ್ತು, 1784ರಲ್ಲಿ ಮಹಾದಜೀ ಸಿಂಧ್ಯನ ಬಳಿ ಎರಡು ಪಟಾಲಮುಗಳನ್ನು ಕಟ್ಟಲು ಒಪ್ಪಿಕೊಂಡನು. ಇಂಗ್ಲಿಷರ ಮೇಲೆ ತಾನು ಆಯುಧವೆತ್ತುವುದಿಲ್ಲವೆಂಬುದು ಅವನು ಮುಂದಿಟ್ಟ ನಿಬಂಧನೆ.

ಅವನ ಸೈನ್ಯದ ಬಲವೆಲ್ಲವೂ ಎರಡು ಸಂಗತಿಗಳಲ್ಲಿತ್ತು. ಒಂದು, ಯೂರೋಪಿನ ಕ್ರಮದ ಕವಾಯತು. ಇನ್ನೊಂದು, ತಪ್ಪದ ಸಂಬಳ. ಆ ಕಾಲದ ದೇಶೀಯ ಸೈನ್ಯಗಳಲ್ಲಿ ತಿಂಗಳುಗಟ್ಟಲೆ ಸಂಬಳವು ನಿಲ್ಲುತ್ತಿದ್ದುದರಿಂದ ದಂಡಾಳುಗಳು ನಾಯಕನ ಗುಡಾರಕ್ಕೇ ಮುತ್ತಿಗೆ ಹಾಕುವುದುಂಟು. ಡಿಬಾಯ್ನನಿಗಾದರೋ ಸೈನ್ಯದ ವೆಚ್ಚಕ್ಕಾಗಿಯೇ ಅಂತರ್ವೇದಿಯಲ್ಲಿ ಭೂಮಿಯು ಬಿಡಲ್ಪಟ್ಟಿತ್ತು. ಈ ಬಲದಿಂದಲೇ 1790ರಲ್ಲಿ ಪಾಟಣ, ಮೇಡತಾ ಎಂಬೆಡೆಗಳಲ್ಲಿ ರಜಪೂತರೂ, 1793ರಲ್ಲಿ ಲಾಖೇರಿಯಲ್ಲಿ ಹೋಳ್ಕರನ ಸೇನೆಯೂ ಸೋತುವು. 1794ರಲ್ಲಿ ಮಹಾದಜಿಯು ಗತಿಸಿದನು. ಮರುವರ್ಷದ ಕೊನೆಯಲ್ಲಿ ಡಿಬಾಯ್ನನು ಅಧಿಕಾರವನ್ನು ಬಿಟ್ಟು ಸ್ವದೇಶಾಭಿಮುಖನಾದನು. ಅವನು ಕಾಲವಾದುದು 1830ರಲ್ಲಿ, ಹುಟ್ಟೂರಿನಲ್ಲಿಯೇ.

ಅವನ ಸ್ಥಾನಕ್ಕೆ ಬಂದವನು ಪೆರಾನ್. 1803ರಲ್ಲಿ ಇಂಗ್ಲಿಷರಿಗೂ ದೌಲತರಾವ್ ಸಿಂಧ್ಯನಿಗೂ ಯುದ್ಧವು ಒದಗಿದಾಗ, ಸಿಂಧ್ಯನನ್ನು ಬಿಟ್ಟು ಬರುವ ಯೂರೋಪೀಯರಿಗೆ ಜೀವನಾಧಾರವನ್ನು ಕೊಡುವುದಾಗಿ ಗವರ್ನರ್ ಜನರಲ್ ವೆಲ್ಲೆಸ್ಲಿಯು ಸಾರಿದನು. ಅನೇಕರು ಹೊರಟುಹೋದರು; ಪೆರಾನನೂ ಇಂಗ್ಲಿಷರ ಮರೆಹೊಕ್ಕನು. ಆದರೆ ಅದೇ ವರ್ಷದ ನವೆಂಬರ್ 1ರಂದು ಲಾಸವಾಡಿಯಲ್ಲಿ, ಬಹುಮಟ್ಟಿಗೆ ಆ ನಾಯಕರಿಲ್ಲದೆಯೇ, ಸಿಪಾಯಿಗಳು ತೋಪುಗಳ ಬಳಿ ನಿಂತು ಮಡಿದರು. ಗೆದ್ದ ಲೇಕ್ ಸೇನಾಪತಿಯೇ ಅವರ ಪರಾಕ್ರಮವನ್ನು ಕೊಂಡಾಡಿದನು.

ಇಲ್ಲಿ ವಿಚಾರಿಸತಕ್ಕ ಅಂಶವಿದು. ನಾಯಕನೂ ಭೃತನೇ, ಸಿಪಾಯಿಯೂ ಭೃತನೇ. ಡಿಬಾಯ್ನನು ತನ್ನ ಕರಾರನ್ನು ಮೀರಿದವನಲ್ಲ. ಆದಕಾರಣ ಅವನನ್ನು ದ್ರೋಹಿಯೆನ್ನಲಾಗದು. ಆದರೆ ಅವನ ನಿಷ್ಠೆಗೆ ಕರಾರೇ ಎಲ್ಲೆಯಾಗಿದ್ದಿತು. ಕನ್ನಡಿಗರ ಪೂರ್ವಿಕರು ಜೋಳವಾಳಿಯೆಂದು ಕರೆದ ಅನ್ನದ ಋಣವು ಆ ಎಲ್ಲೆಯನ್ನು ದಾಟಿದುದು. ಅದನ್ನು ಲಾಸವಾಡಿಯಲ್ಲಿ ತೀರಿಸಿದವರು, ಚರಿತ್ರೆಯಲ್ಲಿ ಹೆಸರುಳಿಯದ ಅಂತರ್ವೇದಿ, ಅಯೋಧ್ಯಾ ಪ್ರಾಂತಗಳ ಕಾಲಾಳುಗಳು. ಹೀಗಿರಲಾಗಿ ಭೃತಬಲದ ದೋಷವು ಸಂಬಳದಲ್ಲಿಲ್ಲ. ಸೈನ್ಯದ ನೇತೃತ್ವವನ್ನೂ ಕ್ರಯಕ್ಕೆ ಕೊಂಡ ರಾಜನೀತಿಯಲ್ಲಿದೆ.