ಸಕ್ಕರೆಯ ಸೀಸೆಯೂ ಮರುಭೂಮಿಯ ಗೂಡೂ



ಸೊನೋರಾ ಮರುಭೂಮಿಗೆ ವಸಂತವು ಮಾಘಮಾಸದಲ್ಲಿಯೇ ಬಂದುಬಿಡುತ್ತದೆ. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಇನ್ನೂ ಹಿಮ ಬೀಳುತ್ತಿರುವಾಗ ಅರಿಝೋನಾದ ಒಣ ಹಳ್ಳಗಳ ದಂಡೆಯಲ್ಲಿ ಚುಪರೋಸಾ ಎಂಬ ಪೊದೆ ಕೆಂಪು ಹೂ ತಳೆದು ನಿಂತಿರುತ್ತದೆ. ಈ ಪೊದೆ ನಮ್ಮ ಊರಿನ ಬೇಲಿಯ ಆಡುಸೋಗೆಯ ಕುಲಕ್ಕೇ ಸೇರಿದ್ದು. ಆ ಹೂವನ್ನು ನಂಬಿ, ಮೂರು ಗ್ರಾಂ ಆಸುಪಾಸು ತೂಗುವ ಕಾಸ್ಟಾ ಹಮ್ಮಿಂಗ್‌ಬರ್ಡ್ ಗೂಡು ಕಟ್ಟುತ್ತದೆ. ಬೇಸಗೆಯ ಧಗೆ ಏರುವ ಮೊದಲೇ ಮರಿಗಳನ್ನು ಬೆಳೆಸಿ ಹಾರಿಸಿ, ಈ ಹಕ್ಕಿಗಳಲ್ಲಿ ಹೆಚ್ಚಿನವು ಪಡುವಣ ಕರಾವಳಿಯತ್ತ ಹೊರಟುಹೋಗುತ್ತವೆ. ಕಳೆದ ಇನ್ನೂರು ವರ್ಷಗಳಲ್ಲಿ ಮನುಷ್ಯನು ಈ ಹಕ್ಕಿಗಳನ್ನು ಯಾವ ಯಾವ ಕಣ್ಣಿನಿಂದ ನೋಡಿದ, ಅದರಿಂದ ಅವುಗಳ ಬಾಳು ಹೇಗೆ ಬದಲಾಯಿತು ಎಂಬುದು ಇಂದಿನ ನನ್ನ ವಿಷಯ.

ಹಮ್ಮಿಂಗ್‌ಬರ್ಡಿಗೆ ಕನ್ನಡದಲ್ಲಿ ಹಳೆಯ ಹೆಸರಿಲ್ಲ. ಇರಲು ಕಾರಣವೂ ಇಲ್ಲ. ಅದು ಅಮೆರಿಕ ಖಂಡಗಳಿಗೆ ಮಾತ್ರ ಸೇರಿದ ಜೀವಿ. ನಮ್ಮ ತೋಟಗಳಲ್ಲಿ ದಾಸವಾಳದ ಹೂವಿಗೆ ಕೊಕ್ಕು ಚಾಚುವ ಸೂರಕ್ಕಿಯನ್ನು ಕಂಡವರು ಎರಡೂ ಒಂದೇ ಎಂದು ಭಾವಿಸುವುದು ಸಹಜ. ಆದರೆ ಅವುಗಳ ನಡುವೆ ರಕ್ತಸಂಬಂಧವಿಲ್ಲ. ಸೂರಕ್ಕಿಯು ಗುಬ್ಬಚ್ಚಿಯ ಗಣಕ್ಕೆ ಸೇರಿದ್ದು. ಹಮ್ಮಿಂಗ್‌ಬರ್ಡ್ ಬಾನಾಡಿಗಳ ಬಳಗದ್ದು. ಮಕರಂದವೆಂಬ ಒಂದೇ ಕಸುಬು ಇಬ್ಬರಿಗೂ ಒಂದೇ ಬಗೆಯ ಕೊಕ್ಕನ್ನು ಕೊಟ್ಟಿದೆ, ಅಷ್ಟೆ.

ಇಲ್ಲಿನ ಹಕ್ಕಿಗಳ ಹೆಸರುಗಳು ಫ್ರಾನ್ಸಿನ ಸಿರಿವಂತರ ಮನೆಗಳಿಂದ ಬಂದವು. ಕ್ಯಾಲಿಫೋರ್ನಿಯಾದಿಂದ ಪಾವ್ಲೊ ಬೊಟ್ಟಾ ಒಯ್ದ ಹಕ್ಕಿಗೆ 1829ರಲ್ಲಿ ಲೆಸಾನ್ ಎಂಬ ಪಂಡಿತನು ರಿವೋಲಿಯ ಡ್ಯೂಕನ ಪತ್ನಿ ಆ್ಯನಾಳ ಹೆಸರಿಟ್ಟ. (ಇದೇ ಬೊಟ್ಟಾ ಮುಂದೆ ಮೊಸುಲ್ ನಗರದ ಬಳಿ ಅಸ್ಸೀರಿಯದ ಅರಮನೆಯನ್ನು ಅಗೆದು ತೆಗೆದು ಹೆಸರಾದವನು.) 1839ರಲ್ಲಿ ಬೂರ್ಸಿಯೆ ಎಂಬಾತ ಮತ್ತೊಂದು ಜಾತಿಗೆ ಕಾಸ್ಟಾ ಎಂಬ ಸಿರಿವಂತನ ಹೆಸರನ್ನು ಕೊಟ್ಟ. ಇಬ್ಬರು ಪಂಡಿತರ ಮುಂದೆ ಇದ್ದದ್ದೂ ಒಣಗಿಸಿದ ಚರ್ಮಗಳೇ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಆ ಚರ್ಮಗಳು ಲಂಡನ್ನಿನ ಹರಾಜುಗಳಲ್ಲಿ ರಾಶಿರಾಶಿಯಾಗಿ ಮಾರಾಟವಾಗಿ ಹೆಂಗಸರ ಟೋಪಿಗಳ ಮೇಲೆ ಕುಳಿತವು. ಇಂಥ ಹೆಸರುಗಳನ್ನು ಬದಲಾಯಿಸುವುದಾಗಿ ಅಮೆರಿಕದ ಪಕ್ಷಿಶಾಸ್ತ್ರ ಸಂಘ 2023ರ ನವೆಂಬರಿನಲ್ಲಿ ಘೋಷಿಸಿದೆ. ಟೋಪಿಯ ಕಾಲಕ್ಕೆ ಕಾನೂನು ತೆರೆ ಎಳೆದದ್ದು 1918ರ ವಲಸೆ ಹಕ್ಕಿಗಳ ಒಪ್ಪಂದದ ಕಾಯಿದೆಯಿಂದ. ಹಮ್ಮಿಂಗ್‌ಬರ್ಡನ್ನು ಕೊಲ್ಲುವುದು ಮಾತ್ರವಲ್ಲ, ಅದರ ಗೂಡನ್ನೋ ಮೊಟ್ಟೆಯನ್ನೋ ಮನೆಗೆ ಒಯ್ಯುವುದೂ ಅಂದಿನಿಂದ ಅಪರಾಧ.

ಕೊಲ್ಲುವ ಕೈ ಉಣಿಸುವ ಕೈಯಾದ ಕಥೆ ಇನ್ನೂ ಸ್ವಾರಸ್ಯಕರ. ಮ್ಯಾಸಚುಸೆಟ್ಸಿನ ಬ್ರೂಕ್‌ಲೈನ್ ಊರಿನ ಕ್ಯಾರೊಲಿನ್ ಸೂಲ್ ಎಂಬ ಮಹಿಳೆ ಕೃತಕ ಹೂವೊಂದರೊಳಗೆ ಪುಟ್ಟ ಸೀಸೆಯಿಟ್ಟು, ಸಕ್ಕರೆ ನೀರು ತುಂಬಿ ಹಕ್ಕಿಗೆ ಉಣಿಸಿದ ವರದಿ 1900ರಲ್ಲಿ ಪಕ್ಷಿಪ್ರಿಯರ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. 1928ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಇಂಥದೇ ಲೇಖನವನ್ನು ಓದಿದ ಪತ್ನಿಗಾಗಿ ಬಾಸ್ಟನ್ನಿನ ಲಾರೆನ್ಸ್ ವೆಬ್‌ಸ್ಟರ್ ಗಾಜಿನ ಊಣಿಕೆ ಸೀಸೆಯೊಂದನ್ನು ಊದಿಸಿದರು. ಕಣ್ಣಿಗೆ ಕಾಣದ ವೇಗದ ರೆಕ್ಕೆಬಡಿತವನ್ನು ಕ್ಷಣಮಿಂಚಿನ ದೀಪದಿಂದ ಹಿಡಿದಿಟ್ಟ ಹೆರಾಲ್ಡ್ ಎಜರ್ಟನ್ ಅವರ ಚಿತ್ರಗಳು 1947ರಲ್ಲಿ ಅದೇ ಪತ್ರಿಕೆಯಲ್ಲಿ ಪ್ರಕಟವಾದಾಗ, ಚಿತ್ರದಲ್ಲಿದ್ದ ಸೀಸೆ ತಮಗೂ ಬೇಕೆಂದು ಓದುಗರು ಕೇಳತೊಡಗಿದರು. 1950ರ ವೇಳೆಗೆ ಅದು ಅಂಗಡಿಗೆ ಬಂತು. ಇಂದು ನಮ್ಮ ಹಿತ್ತಲುಗಳಲ್ಲಿ ತೂಗುವ ಕೆಂಪು ಸೀಸೆಗಳೆಲ್ಲ ಅದರ ಸಂತತಿ.

ಸೀಸೆ ಬರುವ ಮೊದಲೇ ಮರುಭೂಮಿಗೆ ನೀರು ಬಂದಿತ್ತೆಂಬುದನ್ನು ಮರೆಯಬಾರದು. 1911ರಲ್ಲಿ ಸಾಲ್ಟ್ ನದಿಗೆ ರೂಸ್‌ವೆಲ್ಟ್ ಅಣೆಕಟ್ಟು ಪೂರ್ಣವಾಯಿತು. ಫೀನಿಕ್ಸ್ ಕಣಿವೆಯಲ್ಲಿ ಕಿತ್ತಳೆ, ನಿಂಬೆ ತೋಟಗಳು ಹಬ್ಬಿದವು. ತೋಟಗಳ ಹಿಂದೆಯೇ ಬಡಾವಣೆಗಳು, ಹುಲ್ಲುಹಾಸುಗಳು, ಪರದೇಶದ ಹೂಗಿಡಗಳು ಬಂದವು. ಆ್ಯನಾ ಹಕ್ಕಿ ಮೂಲತಃ ಕ್ಯಾಲಿಫೋರ್ನಿಯಾದ ಕರಾವಳಿಯದು. ಅಲ್ಲಿ ನೆಟ್ಟ ನೀಲಗಿರಿ ಮರಗಳ ಚಳಿಗಾಲದ ಹೂವನ್ನು ಹಿಡಿದು ಹರಡತೊಡಗಿದ ಅದು, 1960ರ ದಶಕದಿಂದ ಈಚೆಗೆ ಅರಿಝೋನಾದ ನಗರಗಳಲ್ಲಿ ಗೂಡು ಕಟ್ಟುವ ಹಕ್ಕಿಯಾಯಿತು. ಇಂದು ಇಲ್ಲಿಯೇ ವರ್ಷವಿಡೀ ನೆಲಸಿ, ಡಿಸೆಂಬರಿನಲ್ಲಿಯೇ ಗೂಡಿಗೆ ತೊಡಗುತ್ತದೆ. ವಲಸಿಗರಾದ ನಮಗೆ ಇದನ್ನು ಕಂಡರೆ ಒಂದಿಷ್ಟು ಅಕ್ಕರೆ ಹುಟ್ಟುವುದು ಸ್ವಾಭಾವಿಕ. ಆದರೆ ಬಡಾವಣೆ ಬೆಳೆದಷ್ಟೂ ಚುಪರೋಸಾ, ಒಕೊಟಿಯೋ ಬೆಳೆಯುತ್ತಿದ್ದ ನೆಲ ಕರಗಿತು. ಆ್ಯನಾ ಪಡೆದದ್ದನ್ನು ಕಾಸ್ಟಾ ಕಳೆದುಕೊಂಡಿತು. ಊರಲ್ಲಿ ಹಕ್ಕಿ ಹೆಚ್ಚಿದೆಯಲ್ಲ ಎಂದು ತೃಪ್ತಿಪಡುವವರು ಯಾವ ಹಕ್ಕಿ ಎಂದೂ ಕೇಳಿಕೊಳ್ಳಬೇಕು.

ಜನಸಾಮಾನ್ಯರ ಪೋಷಣೆಗೆ ನಾನು ಮೆಚ್ಚುವ ನಿದರ್ಶನ ಮೆಕ್ಸಿಕೋ ಗಡಿಯ ಸಮೀಪದ ಪ್ಯಾಟಗೋನಿಯಾ ಎಂಬ ಸಣ್ಣ ಊರಿನದು. ಅಲ್ಲಿ ವಾಲಿ ಮತ್ತು ಮೇರಿಯನ್ ಪೇಟನ್ ದಂಪತಿಗಳು ತಮ್ಮ ಹಿತ್ತಲಲ್ಲಿ ಸೀಸೆಗಳನ್ನು ತೂಗಿಬಿಟ್ಟು, ಅಪರಿಚಿತರಿಗೆಲ್ಲ ಬಾಗಿಲು ತೆರೆದಿಟ್ಟಿದ್ದರು. ನೇರಳೆ ನೆತ್ತಿಯ ಅಪರೂಪದ ಜಾತಿಯನ್ನು ಕಾಣಲು ದೇಶವಿದೇಶಗಳಿಂದ ಜನ ಬಂದು ಅವರ ಬೆಂಚುಗಳ ಮೇಲೆ ಕುಳಿತರು. ಪ್ರವೇಶಧನವಿಲ್ಲ, ಸಕ್ಕರೆಯ ಖರ್ಚಿಗೆಂದು ಒಂದು ಡಬ್ಬಿ ಮಾತ್ರ ಇತ್ತು. ಮೇರಿಯನ್ 2009ರಲ್ಲಿ ತೀರಿಕೊಂಡ ಮೇಲೆ ಆ ಮನೆ ಏನಾಗುವುದೋ ಎಂಬ ಆತಂಕ ಹುಟ್ಟಿ, ಚಂದಾ ಎತ್ತಿ, 2014ರಲ್ಲಿ ಟ್ಯೂಸಾನ್ ಆಡುಬಾನ್ ಸಂಘ ಅದನ್ನು ವಹಿಸಿಕೊಂಡಿತು.

ಸೀಸೆಯಿಂದ ಹಕ್ಕಿಗೆ ಉಪಕಾರವೋ ಅಪಕಾರವೋ ಎಂಬ ವಾದ ಇಂದಿಗೂ ನಡೆದಿದೆ. ನನ್ನ ಮಟ್ಟಿಗೆ ಉತ್ತರ ಸೀಸೆಯನ್ನು ತೊಳೆಯುವವರ ಶ್ರದ್ಧೆಯಲ್ಲಿದೆ. ನಾಲ್ಕು ಪಾಲು ನೀರಿಗೆ ಒಂದು ಪಾಲು ಬಿಳಿ ಸಕ್ಕರೆ ಸಾಕು; ಬೆಲ್ಲ, ಜೇನು, ಬಣ್ಣ ಕೂಡದು. ಮರುಭೂಮಿಯ ಬಿಸಿಲಿನಲ್ಲಿ ಆ ಪಾನಕ ಬೇಗ ಹುಳಿಯುವುದರಿಂದ ಒಂದೆರಡು ದಿನಕ್ಕೊಮ್ಮೆ ಚೆಲ್ಲಿ, ತೊಳೆದು, ಹೊಸದು ತುಂಬಬೇಕು. ಬೇಸಗೆಯ ಕೊನೆಗೆ ದಕ್ಷಿಣ ಅರಿಝೋನಾದಲ್ಲಿ ರಾತ್ರಿ ಬೆಳಗಾಗುವಷ್ಟರಲ್ಲಿ ಸೀಸೆ ಬರಿದಾದರೆ ಕಳ್ಳನನ್ನು ಹುಡುಕಬೇಕಿಲ್ಲ. ಅದು ಮಕರಂದ ಕುಡಿಯುವ ಬಾವಲಿಯ ಕೆಲಸ. 1988ರಲ್ಲಿ ಅಳಿವಿನಂಚಿನ ಪಟ್ಟಿ ಸೇರಿದ್ದ ಉದ್ದಮೂಗಿನ ಆ ಬಾವಲಿ ಚೇತರಿಸಿಕೊಂಡು 2018ರಲ್ಲಿ ಪಟ್ಟಿಯಿಂದ ಹೊರಬಂದಿತು.

ಸಕ್ಕರೆಯಿಂದ ಮರಿ ಬೆಳೆಯುವುದಿಲ್ಲವೆಂಬುದನ್ನೂ ತಿಳಿದಿರಬೇಕು. ಅದು ತಾಯಿಯ ಹಾರಾಟಕ್ಕೆ ಉರುವಲು ಮಾತ್ರ. ಮರಿಯ ಮೈಗೆ ಬೇಕಾದದ್ದು ನುಸಿ, ಸಣ್ಣ ನೊಣ, ಜೇಡ. ಹಿತ್ತಲಿಗೆ ಕೀಟನಾಶಕ ಹೊಡೆದು ಸೀಸೆ ತೂಗುಹಾಕಿದರೆ ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಿತ್ತುಕೊಂಡಂತೆ. ಜೇಡ ಇನ್ನೊಂದಕ್ಕೂ ಬೇಕು: ಹತ್ತಿಯಂಥ ನವಿರನ್ನು ಬಿಗಿದು ಗೂಡು ಹೆಣೆಯುವ ದಾರ ಅದರ ಬಲೆಯ ನೂಲೇ. ಗಂಡಿಗೆ ಇದಾವುದರಲ್ಲಿಯೂ ಪಾಲಿಲ್ಲ. ಎತ್ತರಕ್ಕೇರಿ, ಧುಮುಕಿ, ಹೆಣ್ಣನ್ನು ಒಲಿಸಿಕೊಳ್ಳುವಲ್ಲಿಗೆ ಅವನ ಸಂಸಾರ ಮುಗಿಯಿತು. ಆ್ಯನಾ ಗಂಡು ಧುಮುಕುವ ಕೊನೆಯಲ್ಲಿ ಕೇಳುವ ಚೀತ್ಕಾರ ಕೊರಳಿನದಲ್ಲ, ಬಾಲದ ಗರಿಗಳದು ಎಂಬುದು 2008ರಲ್ಲಿ ಪ್ರಯೋಗದಿಂದ ಸಿದ್ಧವಾಯಿತು.

ನಿಂಬೆಗಿಡದ ಒಳಗೊಂಬೆಯಲ್ಲೋ ಗಾಳಿಗಂಟೆಯ ಸರಪಳಿಯ ಮೇಲೋ ಅರ್ಧ ಆಕ್ರೋಟಿನಷ್ಟು ಬಟ್ಟಲು ಕಂಡರೆ ಅದರೊಳಗೆ ಕಾಳಿನಂಥ ಎರಡು ಮೊಟ್ಟೆಗಳಿರುವ ಸಂಭವವುಂಟು. ಮೊಟ್ಟೆಗೆ ಕಾವು ಎರಡರಿಂದ ಎರಡೂವರೆ ವಾರ. ಮರಿ ಹಾರಲು ಮತ್ತೆ ಸುಮಾರು ಮೂರು ವಾರ. ತಾಯಿ ಮೇವಿಗೆ ಹೋದಾಗ ಗೂಡು ಅನಾಥವೆಂದು ತಿಳಿದು ಮುಟ್ಟಬೇಡಿ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ತೋಟದ ಕೆಲಸದವರು ಗಿಡಗಳನ್ನು ಸವರಲು ಬರುತ್ತಾರೆ. ಅವರು ಕತ್ತರಿ ಹಿಡಿಯುವ ಮುನ್ನ ಕೊಂಬೆಗಳನ್ನು ಒಮ್ಮೆ ನೋಡಿ, ಗೂಡಿದ್ದರೆ ಕೆಂಪು ದಾರ ಕಟ್ಟಿ, ಆ ಗಿಡವನ್ನು ಮೇ ತಿಂಗಳವರೆಗೆ ಬಿಡಲು ಹೇಳಿ.