ಶರಣಾದ ಕೋಟೆಯ ಯುದ್ಧಚರಿತ್ರೆ: ಮಡಿಕೇರಿ ವಸ್ತುಸಂಗ್ರಹಾಲಯದ ಪ್ರದರ್ಶನ ಕುರಿತು

ಮಡಿಕೇರಿ ಕೋಟೆಯ ಸರ್ಕಾರಿ ವಸ್ತುಸಂಗ್ರಹಾಲಯ ಇರುವುದು ಹಳೆಯ ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿ. ಕೋಟೆಯೊಳಗಿದ್ದ ವೀರಭದ್ರ ದೇವಾಲಯವನ್ನು 1855ರಲ್ಲಿ ತೆರವು ಮಾಡಿಸಿ ಬ್ರಿಟಿಷರು ಈ ಚರ್ಚು ಕಟ್ಟಿಸಿದರು. ಸ್ವಾತಂತ್ರ್ಯಾನಂತರ ಪ್ರಾರ್ಥನೆ ನಿಂತಿತು, 1971ರಲ್ಲಿ ವಸ್ತುಸಂಗ್ರಹಾಲಯವಾಯಿತು. ಗೆದ್ದವರ ಪ್ರಾರ್ಥನಾ ಮಂದಿರದೊಳಗೆ ಈಗ ಶಿಲ್ಪಗಳು, ಹಳೆಯ ಆಯುಧಗಳು, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಭಾವಚಿತ್ರ ಇವೆ. ನನ್ನ ಮಟ್ಟಿಗೆ ಇಲ್ಲಿಯ ಮೊದಲ ಪ್ರದರ್ಶನವಸ್ತು ಈ ಕಟ್ಟಡವೇ.

ಕತ್ತಿ, ಕೋವಿಗಳನ್ನು ಸಾಲಾಗಿ ಇಟ್ಟರೆ ಕೋಟೆಯ ಗೋಡೆಗೆ ಸದಾ ಗುಂಡು ಬೀಳುತ್ತಿತ್ತೆಂಬ ಭಾವನೆ ಹುಟ್ಟುತ್ತದೆ. ದಾಖಲೆಗಳು ಬೇರೆಯೇ ಹೇಳುತ್ತವೆ. ಮುದ್ದುರಾಜ 17ನೇ ಶತಮಾನದಲ್ಲಿ ಕಟ್ಟಿದ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಕರೆದ. 1790ರಲ್ಲಿ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಅದನ್ನು ಮುತ್ತಿದ್ದಾಗ, ಒಳಗಿದ್ದ ಟಿಪ್ಪುವಿನ ಪಡೆಗೆ ದವಸ ತರುತ್ತಿದ್ದ ಖಾದರ್ ಖಾನ್ ದಾರಿಯಲ್ಲೇ ಸಿಕ್ಕಿಬಿದ್ದ. ಹಿಂದೆ ಟಿಪ್ಪುವಿನ ಸೆರೆಯಲ್ಲಿದ್ದಾಗ ರಾಜನ ಕುಟುಂಬದ ಮಾನ ಕಾಪಾಡಿದ್ದವನು ಈತ. ಆ ಋಣಕ್ಕಾಗಿ ರಾಜ ಅವನನ್ನು ದವಸದ ಸಮೇತ ಕೋಟೆಯೊಳಗೆ ಬಿಟ್ಟ! ಕೊನೆಗೆ ಒಳಗಿನ ಪಡೆ ಒಪ್ಪಂದ ಮಾಡಿಕೊಂಡು ಹೊರನಡೆಯಿತು. ಈ ಕಾಲದ ಕಥೆ ಹೇಳುವ ‘ರಾಜೇಂದ್ರನಾಮೆ’ ಇದೇ ರಾಜ ಬರೆಯಿಸಿದ ಕನ್ನಡ ಕೃತಿ. ಆಸ್ಥಾನದ ಬರಹವಾದ್ದರಿಂದ ಒಡೆಯನ ಔದಾರ್ಯಕ್ಕೆ ಅದರಲ್ಲಿ ಬರವಿಲ್ಲ. ಫಲಕ ಬರೆಯುವವರು ಈ ಮಾತನ್ನೂ ಅಲ್ಲೇ ಸೇರಿಸಬೇಕು.

1834ರಲ್ಲೂ ಅಷ್ಟೇ. ಏಪ್ರಿಲ್ 3ರಂದು ಸೋಮವಾರಪೇಟೆ ಕಡೆಯ ಬಾಕ್ ಎಂಬಲ್ಲಿ ಕೊಡಗಿನವರು ಕಂಪನಿ ಸೈನ್ಯವನ್ನು ಭಾರಿ ನಷ್ಟದೊಡನೆ ಹಿಮ್ಮೆಟ್ಟಿಸಿದರು. ಮೂರೇ ದಿನಕ್ಕೆ ಕಂಪನಿಯ ಕರ್ನಲ್ ಫ್ರೇಸರ್ ಮಡಿಕೇರಿಗೆ ಬಂದಾಗ ಕೋಟೆಯಿಂದ ಪ್ರತಿರೋಧವಿರಲಿಲ್ಲ. ಫ್ರೇಸರನ ಮೇ 7ರ ಘೋಷಣೆಯೊಂದಿಗೆ ಕೊಡಗಿನ ರಾಜ ಚಿಕ್ಕವೀರರಾಜೇಂದ್ರನ ಆಳ್ವಿಕೆ ಮುಗಿಯಿತು. ಕಾದಾಟ ನಡೆದದ್ದು ಗಡಿಯ ಕಾಡಿನಲ್ಲಿ, ಕಣಿವೆಯ ಅಡ್ಡಗಟ್ಟೆಗಳಲ್ಲಿ. ಗಾಜಿನ ಪೆಟ್ಟಿಗೆಯಲ್ಲಿ ಇದಕ್ಕೆ ಜಾಗವಿಲ್ಲ. ಗೋಡೆ ತುಂಬುವ ಭೂಪಟ ಬೇಕು. ಕೊಡಗಿನ ಉದ್ದಗಲಕ್ಕೂ ಇರುವ ಕಡಂಗಗಳನ್ನೂ ಅದರಲ್ಲಿ ಗುರುತಿಸಬೇಕು. ತೋಟಗಳ ನಡುವೆ ಹಾಯುವ ಈ ಆಳದ ಕಂದಕಗಳನ್ನು ಎಷ್ಟೋ ಜನ ಬೇಲಿಯೆಂದೇ ತಿಳಿದಿದ್ದಾರೆ.

ಬ್ರಿಟಿಷರ ವಿರುದ್ಧ ನಡೆದ 1837ರ ಅಮರಸುಳ್ಯ ದಂಗೆಯ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಗಲ್ಲಿಗೇರಿಸಿದ್ದು ಇದೇ ಕೋಟೆಯಲ್ಲಿ. ಅವರ ಸಂಗತಿಯನ್ನು ರಾಜರ ಸಾಲಿಗೆ ಬಾಲದಂತೆ ಅಂಟಿಸದೆ, ಪ್ರತ್ಯೇಕ ಕೋಣೆ ಕೊಡುವುದು ನ್ಯಾಯ.

ಮಡಿಕೇರಿಯಲ್ಲೇ ಹೋಲಿಕೆಗೆ ‘ಸನ್ನಿಸೈಡ್’ ಇದೆ. ಅದು ಜನರಲ್ ತಿಮ್ಮಯ್ಯನವರ ಮನೆ, ನಡುವೆ ಕೆಲಕಾಲ ಸಾರಿಗೆ ಇಲಾಖೆಯ ಕಚೇರಿಯಾಗಿತ್ತು. 2021ರ ಫೆಬ್ರುವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ತಿಮ್ಮಯ್ಯನವರ ಸಮರಗಳು ಬರ್ಮಾದಲ್ಲಿ, 1948ರ ಜೋಜಿ ಲಾದಲ್ಲಿ ನಡೆದವು. ಅಲ್ಲಿ ದೂರದ ಯುದ್ಧವನ್ನು ಮನೆಗೆ ತರಲು ಟ್ಯಾಂಕು, ಆಯುಧಗಳು ಬೇಕಾದವು. ಕೋಟೆಗೆ ಆ ಅಗತ್ಯವಿಲ್ಲ. ಚರ್ಚಿನ ಬಾಗಿಲಲ್ಲಿ ವೀರಭದ್ರ ದೇವಾಲಯದ ಹೆಸರು ಬರೆದು, ಒಳಗೆ ರಾಜೇಂದ್ರನಾಮೆಯ ಪುಟದ ಎದುರಿಗೆ ಫ್ರೇಸರನ ಘೋಷಣೆಯನ್ನು ಇಟ್ಟರೆ ಕೆಲಸ ಶುರುವಾಗುತ್ತದೆ.