ಐತ್ವಾರ ಯಾರ ದಿನ?

ಮಳಖೇಡದ ಚರಿತ್ರೆ ಬರೆಯುವವರು ಕಾಗಿಣಾ ದಂಡೆಯ ಕೋಟೆ, ರಾಷ್ಟ್ರಕೂಟರು, ಅಮೋಘವರ್ಷ ಅಂತ ಶುರುಮಾಡ್ತಾರೆ. ಆ ಕೋಟೆಗೆ ಕಲ್ಲು ಹೊತ್ತವನಿಗೆ ವಾರಕ್ಕೊಂದು ದಿನ ಬಿಡುವಿತ್ತೇನು ಅಂತ ಯಾರೂ ಕೇಳುವುದಿಲ್ಲ. ಕೇಳಿದರೆ ಐತ್ವಾರದ ಚರಿತ್ರೆಗೆ ಬರಬೇಕಾಗುತ್ತದೆ.

ಯೆಹೂದಿಗಳ ಬಿಡುವಿನ ದಿನ ಶನಿವಾರ. ನೀವೂ ಐಗುಪ್ತದಲ್ಲಿ ಗುಲಾಮರಾಗಿದ್ದಿರಿ, ಅದನ್ನು ನೆನೆದು ನಿಮ್ಮ ಆಳಿಗೂ ಎತ್ತಿಗೂ ಬಿಡುವು ಕೊಡಿ ಎಂಬುದು ಮೋಶೆಯ ಕಟ್ಟಳೆ. ಯೇಸು ಸಾವಿನಿಂದೆದ್ದದ್ದು ವಾರದ ಮೊದಲ ದಿನ. ಹಾಗಾಗಿ ಕ್ರೈಸ್ತರಿಗೆ ಅದು ಕರ್ತನ ದಿನವಾಯಿತು. ಆದರೆ ಮೊದಮೊದಲು ಅದು ರಜೆಯ ದಿನವಲ್ಲ. ಅವರಲ್ಲಿ ರೋಮಿನ ಗುಲಾಮರೂ ಇದ್ದರು, ಧಣಿಯ ಕೆಲಸ ತಪ್ಪುತ್ತಿರಲಿಲ್ಲ. ಗೊತ್ತಾದ ದಿನ ಬೆಳಕು ಹರಿಯುವ ಮೊದಲೇ ಇವರು ಸೇರುತ್ತಾರೆಂದು ಸುಮಾರು 112ರಲ್ಲಿ ಪ್ಲಿನಿ ಎಂಬ ಅಧಿಕಾರಿ ಚಕ್ರವರ್ತಿ ಟ್ರಾಜನನಿಗೆ ಬರೆದ. ನಿಜ ಬಾಯಿಬಿಡಿಸಲು ಸಭೆಯ ಸೇವೆಯಲ್ಲಿದ್ದ ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದ. ಪ್ಲಿನಿಯ ಹೆಸರು ಉಳಿದಿದೆ, ಆ ಹೆಣ್ಣುಮಕ್ಕಳದು ಉಳಿದಿಲ್ಲ.

321ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ಸೂರ್ಯನ ವಾರಕ್ಕೆ ರಜೆ ಸಾರಿದ. ನ್ಯಾಯಾಲಯಕ್ಕೆ ರಜೆ, ಪಟ್ಟಣದ ಕಸುಬುದಾರರಿಗೆ ರಜೆ. ಹೊಲದ ಕೆಲಸಕ್ಕೆ ಮಾತ್ರ ವಿನಾಯ್ತಿ: ಬಿತ್ತನೆಯ ಹದ ತಪ್ಪಬಾರದಲ್ಲ! ಅರಸನ ಆಜ್ಞೆ ಹೊಲದ ಬದುವಿಗೆ ಬಂದು ನಿಂತುಬಿಟ್ಟಿತು.

ನಮ್ಮ ಸೀಮೆ ನಿಜಾಮನದಾಗಿದ್ದಾಗ ಕಚೇರಿಗಳ ರಜೆ ಶುಕ್ರವಾರ. ಬೀದರ್ ಕಡೆ ಮೆಥಡಿಸ್ಟ್ ಮಿಶನ್ ಬಂದಾಗ ಅದರ ಸಭೆಗೆ ಹೆಚ್ಚಾಗಿ ಸೇರಿದವರು ಹೊಲೆಯ, ಮಾದಿಗ ಕೇರಿಗಳ ಜನ. ಇವರಿಗೆ ಐತ್ವಾರ ಸಭೆಗೆ ಹೋಗುವುದೆಂದರೆ ಬರೀ ಪ್ರಾರ್ಥನೆಯೇ? ಜೀತದಾಳಿಗೆ ಶುಕ್ರವಾರವೂ ಇಲ್ಲ, ಐತ್ವಾರವೂ ಇಲ್ಲ. ಅಷ್ಟು ಹೊತ್ತಾದರೂ ಧಣಿಯ ಹೊಲ ಬಿಟ್ಟು ಕೂತದ್ದು ಸಣ್ಣ ಮಾತಲ್ಲ.

ಐತ್ವಾರದ ರಜೆ ಇಂಗ್ಲಿಷರ ದಾನ ಅನ್ನುವವರೂ ಇದ್ದಾರೆ. ಮುಂಬೈ ಗಿರಣಿ ಕಾರ್ಮಿಕರಿಗೆ ಅದು ಸಿಕ್ಕಿದ್ದು 1890ರ ಜೂನ್ 10ರಂದು, ಜ್ಯೋತಿಬಾ ಫುಲೆಯವರ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿದ ಮೇಲೆ. ಅದು ಖಂಡೋಬನ ವಾರ ಎಂಬುದೂ ಅವರ ವಾದ. ಖಂಡೋಬ ಅಂದರೆ ನಮ್ಮ ಮೈಲಾರನೇ! 1948ರ ಕಾರ್ಖಾನೆ ಕಾಯ್ದೆ ವಾರದ ಮೊದಲ ದಿನವನ್ನೇ ಬಿಡುವಿನ ದಿನವೆಂದಿತು. ಆ ದಿನ ದುಡಿಸಿದರೆ ಬದಲಿ ರಜೆ ಕೊಡಬೇಕಿತ್ತು. ಶಹಾಬಾದ, ವಾಡಿಯ ಸಿಮೆಂಟ್ ಕಾರ್ಮಿಕರಿಗೆ ಅದರ ನೆರಳು ಸಿಕ್ಕಿತು.

ಜೀತ ಕಾನೂನಿನಲ್ಲಿ ರದ್ದಾದದ್ದು 1976ರಲ್ಲಿ. ತೊಗರಿ ಕೊಯ್ಯುವ ದಿನಗೂಲಿಯವರಿಗೆ ಇವತ್ತಿಗೂ ಕೆಲಸ ಸಿಗದ ದಿನವೇ ರಜೆ. ಅವತ್ತು ಕೂಲಿಯೂ ಇಲ್ಲ.